ಮುನ್ನೂರ ಹನ್ನೆರಡು, ಮುನ್ನೂರ ಹದಿಮೂರು

ಮಾರಿಸ್ ಗ್ಯಾನವೇ ಗುರುವಾರ ಬೆಳಗ್ಗೆ ಏಳೂಕಾಲಿಗೆ ತೀರಿಕೊಂಡ. ಎಪ್ಪತ್ತೇಳು ವರ್ಷವಾಗಿತ್ತು. ಹೆಂಡತಿ ಗ್ಲೆಂಡಾ ಪಕ್ಕದಲ್ಲಿದ್ದಳು. ಅವಳು ಮೊದಲು ಮಗಳಿಗೆ, ಆಮೇಲೆ ನಾರ್ಮನ್ ಪೊಥೆಕರಿಗೆ ಫೋನು ಮಾಡಿದಳು.

ನಾರ್ಮನ್ ಆಗ ಅಡುಗೆಮನೆಯ ಮೇಜಿನ ಮೇಲೆ ಹಡಗಿನ ನಕ್ಷೆ ಹರಡಿಕೊಂಡು, ಎರಡು ಕ್ಯಾಬಿನ್‌ಗಳನ್ನು ಅಕ್ಕಪಕ್ಕಕ್ಕೆ ತರುವುದು ಹೇಗೆಂದು ತಲೆ ಕೆಡಿಸಿಕೊಂಡು ಕೂತಿದ್ದ. ಸುದ್ದಿ ಕೇಳಿ "ಸರಿ" ಅಂದ. ಯಾವುದು ಸರಿ ಎಂದು ಅವನಿಗೇ ತಿಳಿಯಲಿಲ್ಲ. ಫೋನು ಇಟ್ಟು ಮತ್ತೆ ನಕ್ಷೆ ನೋಡತೊಡಗಿದ. ಐದು ನಿಮಿಷ ನೋಡಿದ ಮೇಲೆ, ತಾನು ಪಕ್ಕದ ಕ್ಯಾಬಿನ್ ಹುಡುಕುತ್ತಿರುವುದು ಯಾರಿಗಾಗಿ ಎಂಬುದು ಹೊಳೆದು ಕನ್ನಡಕ ತೆಗೆದ. ತೆಗೆದ ಕನ್ನಡಕವನ್ನು ಎಲ್ಲಿಟ್ಟನೆಂಬುದು ಮಧ್ಯಾಹ್ನದವರೆಗೂ ಗೊತ್ತಾಗಲಿಲ್ಲ. (ಬ್ರೆಡ್ಡಿನ ಡಬ್ಬಿಯಲ್ಲಿತ್ತು.)

ಸೌತಾಂಪ್ಟನ್ನಿನ ವೂಲ್ಸ್ಟನ್ ಭಾಗದವರಿಗೆ ಹಡಗು ಎಂದರೆ ಬೇರೆಯವರಿಗೆ ಬಸ್ಸು ಇದ್ದ ಹಾಗೆ. ನದಿಯಾಚೆ ಬಂದರು. ಮಹಡಿ ಕಿಟಕಿಯಿಂದ ನೋಡಿದರೆ ಹಡಗಿನ ಹೊಗೆಗೂಡು ಕಾಣುತ್ತದೆ. ಸಂಜೆ ಹೊರಡುವಾಗ ಅದು ಊದುವ ಸದ್ದಿಗೆ ಬೀರುವಿನೊಳಗಿನ ಪಿಂಗಾಣಿ ನಡುಗುತ್ತದೆ. ಬೇರೆ ಊರಿನವರು ಒಂದು ದಿನ ಮುಂಚೆ ಬಂದು ಹೋಟೆಲ್ಲಿನಲ್ಲಿ ತಂಗಿ ಹಡಗು ಹತ್ತಬೇಕು. ಇವರು ಪೆಟ್ಟಿಗೆ ಎಳೆದುಕೊಂಡು ಸೇತುವೆ ದಾಟಿದರೆ ಆಯಿತು. ಹೀಗಾಗಿ ಇಲ್ಲಿನ ನಿವೃತ್ತರಲ್ಲಿ ಒಂದು ಪಂಥವೇ ಬೆಳೆದಿದೆ. ಪೆಟ್ಟಿಗೆ ತುಂಬಿ ಮಂಚದ ಕೆಳಗಿಟ್ಟು, ಮಾರಾಟವಾಗದೆ ಉಳಿದ ಕ್ಯಾಬಿನ್‌ಗಳ ದರ ಕುಸಿಯುವವರೆಗೆ ಕೊಕ್ಕರೆಯಂತೆ ಒಂಟಿಕಾಲಲ್ಲಿ ಕಾಯುವುದು ಈ ಪಂಥದ ಆಚಾರ. ಪಂಥದ ಪೀಠಾಧಿಪತಿ ಮಾರಿಸ್.

ಪೀಠಕ್ಕೆ ತಕ್ಕ ವಿದ್ಯೆಯೂ ಅವನಿಗಿತ್ತು. ಮೂವತ್ತು ವರ್ಷ ರೈಲ್ವೆ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದವನು. ಲಂಡನ್ನಿಗೊಂದು ಟಿಕೆಟ್ ಕೊಡಿ ಎಂದು ಬಂದವರಿಗೆ, "ಹೋಗಿ ಟೀ ಕುಡಿದು ಬನ್ನಿ, ಒಂಬತ್ತೂವರೆ ದಾಟಲಿ, ಅರ್ಧಕ್ಕೆ ಕೊಡ್ತೀನಿ" ಎಂದು ಪಿಸುಗುಟ್ಟುತ್ತಿದ್ದ. ಇದಕ್ಕಾಗಿ ಮೇಲಿನವರು ಎರಡು ಸಲ ಎಚ್ಚರಿಕೆಯ ಪತ್ರ ಕೊಟ್ಟಿದ್ದರು. ಎರಡಕ್ಕೂ ಕಟ್ಟು ಹಾಕಿಸಿ ಪಾಯಿಖಾನೆಯ ಗೋಡೆಗೆ ತೂಗುಹಾಕಿದ್ದ.

ನಾರ್ಮನ್ ಮತ್ತು ಅವನ ಹೆಂಡತಿ ಪಾಲೀನ್, ಮಾರಿಸ್ ಮತ್ತು ಗ್ಲೆಂಡಾ, ಈ ನಾಲ್ವರು ಹನ್ನೊಂದು ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲಿ ಒಟ್ಟಿಗೆ ಹಡಗು ಹತ್ತುತ್ತಿದ್ದರು. ಯಾವ ಹಡಗು, ಯಾವಾಗ, ಎಷ್ಟಕ್ಕೆ ಎಂಬುದೆಲ್ಲ ಮಾರಿಸನ ಖಾತೆ. ನಾರ್ಮನ್ ಪೆಟ್ಟಿಗೆ ಎತ್ತುವುದರಲ್ಲಿ ಮಾತ್ರ ಭಾಗವಹಿಸುತ್ತಿದ್ದ. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಪಟ್ಟು ಒಂದೇ: ಎರಡು ಬಾಲ್ಕನಿ ಕ್ಯಾಬಿನ್ನು, ಪಕ್ಕಪಕ್ಕದಲ್ಲೇ ಬೇಕು. ಬಾಲ್ಕನಿಗಳ ನಡುವೆ ಒಂದು ತೆಳ್ಳಗಿನ ಅಡ್ಡಗೋಡೆ ಇರುತ್ತದೆ. ಎರಡೂ ಕಡೆಯವರು ಒಪ್ಪಿದರೆ, ಕ್ಯಾಬಿನ್ ನೋಡಿಕೊಳ್ಳುವವನು ಕೀಲಿ ತಂದು ಅದನ್ನು ಬಾಗಿಲಿನಂತೆ ತೆರೆದು ಮಡಿಸುತ್ತಾನೆ. ಆಗ ಎರಡೂ ಸೇರಿ ಒಂದು ಉದ್ದ ಜಗಲಿಯಾಗುತ್ತದೆ. ಬೆಳಗ್ಗೆ ಹೆಂಗಸರು ಏಳುವ ಮೊದಲು ನಾರ್ಮನ್, ಮಾರಿಸ್ ಆ ಜಗಲಿಯ ಮೇಲೆ ಟೀ ಲೋಟ ಹಿಡಿದು ಸಮುದ್ರ ನೋಡುತ್ತ ಕೂರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅಲ್ಲಿ ಇಬ್ಬರೂ ಆಡಿದ ಮಾತನ್ನು ಒಟ್ಟುಗೂಡಿಸಿದರೆ ಒಂದು ಅಂಚೆಕಾರ್ಡು ತುಂಬಲಾರದು. ಆದರೂ ನಾರ್ಮನ್‌ಗೆ ವರ್ಷದ ಉಳಿದ ಮಾತೆಲ್ಲ ಒಂದು ತೂಕ, ಆ ಜಗಲಿ ಒಂದು ತೂಕ.

ಮೇ ತಿಂಗಳ ಮೊದಲ ವಾರ ಮಾರಿಸನನ್ನು ಕೊನೆಗಾಲದವರನ್ನು ನೋಡಿಕೊಳ್ಳುವ ಆಸ್ಪತ್ರೆಗೆ ಸೇರಿಸಿದರು. ಸೇರಿದ ಎರಡನೇ ದಿನವೇ ನಾರ್ಮನ್‌ಗೆ ಅಪ್ಪಣೆಯಾಯಿತು.

"ಈ ಸಲ ನೀನೇ ಗೊತ್ತುಮಾಡು," ಅಂದ ಮಾರಿಸ್.

"ನಾನಾ?"

"ಮತ್ತೆ, ನರ್ಸಮ್ಮನಾ? ನಂಗೆ ಆ ಪರದೆ ನೋಡಿದ್ರೆ ಕಣ್ಣು ಮಂಜಾಗುತ್ತೆ. ಸೆಪ್ಟೆಂಬರು, ನಾರ್ವೆ, ಎರಡು ಬಾಲ್ಕನಿ, ಪಕ್ಕಪಕ್ಕ. ಹೆಸರು ಮಾತ್ರ ನಂದೇ ಹಾಕು. ಹಳೇ ಗಿರಾಕಿ ಅಂತ ಸೋಡಿ ಬಿಡ್ತಾರೆ."

"ಸೆಪ್ಟೆಂಬರ್ ಅಂದ್ರೆ ಇನ್ನೂ ನಾಲ್ಕು ತಿಂಗಳಿದೆ, ಮಾರಿಸ್."

"ಎಣಿಸೋಕೆ ಬರುತ್ತಪ್ಪ ನಂಗೆ. ಮೂರು ಮಾತು ನೆನಪಿಟ್ಕೋ. ಒಂದು, ಮೊದಲು ಕಂಡ ದರಕ್ಕೆ ಒಪ್ಕೋಬೇಡ. ಎರಡು, ಕ್ಯಾಬಿನ್ ಒಳಗೇನಿದೆ ಅಂತ ನೋಡ್ಬೇಡ, ಅದರ ಮೇಲಿನ ಅಂತಸ್ತಿನಲ್ಲಿ ಏನಿದೆ ನೋಡು. ಅಡುಗೆಮನೆ ಇದ್ರೆ ಬೆಳಗ್ಗೆ ನಾಲ್ಕಕ್ಕೇ ಪಾತ್ರೆ ಸದ್ದು, ಕುಣಿಯೋ ಕೋಣೆ ಇದ್ರೆ ರಾತ್ರಿ ಎರಡರವರೆಗೆ ನಿನ್ನ ಹಣೆ ಮೇಲೆ ಕುಣೀತಾರೆ. ಮೂರನೇದು..." ಮಾರಿಸ್ ಕೆಮ್ಮಿದ. ಗ್ಲೆಂಡಾ ನೀರು ಕುಡಿಸಿದಳು.

"ಮೂರನೇದು?"

"ಮರೆತೋಯ್ತು. ಇರ್ಲಿ ಬಿಡು, ಮೊದಲೆರಡರಲ್ಲೇ ನೀನು ಎಡವ್ತೀಯ."

ಮಾರಿಸ್ ಸೆಪ್ಟೆಂಬರಿಗೆ ಇರುತ್ತಾನೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾರಿಸನೇ ಹೇಳದಿದ್ದಾಗ ಉಳಿದವರು ಹೇಗೆ ಹೇಳುತ್ತಾರೆ? ಪಕ್ಕದ ಕ್ಯಾಬಿನ್ ಗೊತ್ತುಮಾಡಿಬಿಟ್ಟರೆ ಆ ಕ್ಯಾಬಿನ್‌ಗೆ ಬರಲೇಬೇಕಾದವನು ಬಂದೇ ಬರುತ್ತಾನೆ ಎಂಬ ಒಂದು ಮೊಂಡು ತರ್ಕ ನಾರ್ಮನ್‌ನ ತಲೆಯಲ್ಲಿ ಕೂತಿತು. ಅವನು ಮೂವತ್ತೆಂಟು ವರ್ಷ ಅಂಚೆಯವನಾಗಿದ್ದವನು. ವಿಳಾಸ ಬರೆದಿದ್ದರೆ ಕಾಗದ ತಲುಪುತ್ತದೆ ಎಂಬುದು ಅವನ ಮತಧರ್ಮ.

ಮನೆಗೆ ಬಂದು ಕಂಪ್ಯೂಟರ್ ತೆರೆದ. ಪಾಲೀನ್ ಆಲೂಗಡ್ಡೆ ಹೆರೆಯುತ್ತಿದ್ದಳು.

"ಪಾಲೀನ್, ಒಂದೇ ಕ್ಯಾಬಿನ್ನು, ಮೂರು ದರ ಹಾಕಿದಾರೆ. ಏನಿದು?"

"ಕಡಿಮೆದು ಒತ್ತು."

"ಕಡಿಮೆದಕ್ಕೆ 'ಖಾತ್ರಿ ಕ್ಯಾಬಿನ್' ಅಂತ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ, ಯಾವ ಕ್ಯಾಬಿನ್ ಸಿಗುತ್ತೆ ಅನ್ನೋದಕ್ಕೆ ಖಾತ್ರಿ ಇಲ್ಲ ಅಂತಿದೆ."

"ಹಾಗಾದ್ರೆ ಖಾತ್ರಿ ಇರೋದು ಏನು?"

"ಹಡಗಿನ ಒಳಗೇ ಇರುತ್ತೆ ಅನ್ನೋದು."

"ನಡುವಿನ ದರ?"

"ಅದ್ರಲ್ಲಿ ನಾವೇ ನಂಬರು ಆರಿಸ್ಕೋಬಹುದು. ನೂರೈವತ್ತು ಪೌಂಡು ಹೆಚ್ಚು ತಗೊಂಡು, ನೂರು ಪೌಂಡು ಕಾಣಿಕೆ ಅಂತ ಕೊಡ್ತಾರಂತೆ. ಅದನ್ನ ಹಡಗಲ್ಲೇ ಖರ್ಚು ಮಾಡ್ಬೇಕಂತೆ."

"ಅಂದ್ರೆ ನಮ್ಮ ದುಡ್ಡನ್ನೇ ನಮಗೆ ಉಡುಗೊರೆ ಕೊಡೋದು."

"ಹೌದು."

"ನಿನ್ನ ತಮ್ಮ ಪ್ರತಿ ಕ್ರಿಸ್‌ಮಸ್‌ಗೆ ಮಾಡ್ತಾನಲ್ಲ, ಹಾಗೆ," ಎಂದು ಪಾಲೀನ್ ಆಲೂಗಡ್ಡೆಯ ಕಣ್ಣು ಕಿತ್ತಳು.

ದರ ಒಂದೇ ಕಡೆ ನಿಲ್ಲುವ ಜಾತಿಯದಲ್ಲ ಎಂಬುದು ಮರುದಿನ ಗೊತ್ತಾಯಿತು. ತಿಂಡಿಯ ಹೊತ್ತಿಗೆ ಒಂದಿತ್ತು. ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ ಮೂವತ್ತು ಪೌಂಡು ಏರಿತ್ತು. ನಾಯಿಯನ್ನು ತಿರುಗಾಡಿಸಿ ಬಂದರೆ ಹತ್ತು ಇಳಿದಿತ್ತು. ಪದೇಪದೇ ನೋಡುವವರನ್ನು ಕಂಪ್ಯೂಟರ್ ಗುರುತಿಟ್ಟುಕೊಂಡು, 'ಇವನಿಗೆ ಆಸೆ ಹುಟ್ಟಿದೆ' ಎಂದು ದರ ಏರಿಸುತ್ತದೆ ಎಂದು ಪಕ್ಕದ ಮನೆಯವನು ಹೇಳಿದ. ನಾರ್ಮನ್ ಮಾರನೇ ದಿನ ಗುರುತು ಸಿಗದಿರಲೆಂದು ಗ್ರಂಥಾಲಯಕ್ಕೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ನೋಡಿದ. (ಟೋಪಿಯನ್ನೂ ಹಾಕಿಕೊಂಡಿದ್ದ. ಯಾಕೆಂದು ಕೇಳಬಾರದು.) ಅಲ್ಲಿ ನಲವತ್ತು ಪೌಂಡು ಹೆಚ್ಚಿತ್ತು. ಪುಸ್ತಕ ಓದುವವರನ್ನು ಹಡಗಿನ ಕಂಪನಿ ಶ್ರೀಮಂತರೆಂದು ತಿಳಿದಿರಬೇಕು ಎಂದುಕೊಂಡು ವಾಪಸ್ಸು ಬಂದ.

ದರದ ಗೊಂದಲ ಸಾಲದು ಎಂಬಂತೆ ಅಂತಸ್ತುಗಳ ಗೊಂದಲ ಸೇರಿತು. ಮಾರಿಸನ ಎರಡನೇ ಸೂತ್ರದ ಪ್ರಕಾರ ಯಾವುದರ ಮೇಲೆ ಯಾವುದಿದೆ ಎಂದು ತಿಳಿಯಬೇಕಲ್ಲ? ಹದಿಮೂರು ಅಂತಸ್ತುಗಳ ನಕ್ಷೆಯನ್ನು ಹದಿಮೂರು ಹಾಳೆಗಳಲ್ಲಿ ಮುದ್ರಿಸಿ, ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಕ್ಯಾಬಿನ್ನಿನ ಮೇಲೆ ಈಜುಕೊಳ, ಈಜುಕೊಳದ ಮೇಲೆ ಕ್ಷೌರದ ಕೋಣೆ, ಅದರ ಮೇಲೆ ಪಾಲೀನ್ ಮೇಜಿನ ಮೇಲಿಟ್ಟಿದ್ದ ಲೋಟದ ಕಲೆ. ಒಂದು ಕಡೆ ಏನೂ ಬರೆಯದ ಬಿಳಿ ಜಾಗ ಕಂಡಿತು. ಗಾಬರಿಯಾಗಿ ಕಂಪನಿಗೆ ಫೋನು ಮಾಡಿದ. ಎತ್ತಿಕೊಂಡವಳ ಹೆಸರು ಕರ್ಸ್ಟಿ. ಮುಂದಿನ ಎರಡು ವಾರ ಇವನಿಗೆ ಹೆಂಡತಿಯ ದನಿಯಷ್ಟೇ ಅವಳ ದನಿಯೂ ಬಳಕೆಯಾಗಲಿತ್ತು.

"ಅದು ಪ್ರಯಾಣಿಕರಿಗೆ ಅಲ್ಲ, ಸರ್."

"ಮತ್ತೆ ಯಾರಿಗಮ್ಮ?"

"ಅದು ಖಾಲಿ ಅಂತ ತೋರಿಸ್ತೀವಿ, ಸರ್."

"ಹಡಗಲ್ಲಿ ಖಾಲಿ ಜಾಗ ಅಂದ್ರೆ ತೂತಲ್ವಾ?"

ಕೊನೆಗೆ ಅದು ಊಟದ ಗಾಡಿಗಳನ್ನು ತಳ್ಳಿಕೊಂಡು ಹೋಗುವ ಓಣಿ ಎಂದು ಗೊತ್ತಾಯಿತು. ಗಾಡಿಗೆ ಚಕ್ರ ಎಷ್ಟು, ಚಕ್ರಕ್ಕೆ ರಬ್ಬರಿದೆಯೇ ಎಂದೂ ನಾರ್ಮನ್ ವಿಚಾರಿಸಿದ.

ಆ ಸಂಜೆ ಪಾಲೀನ್ ನಕ್ಷೆಗಳನ್ನು ಪಕ್ಕಕ್ಕೆ ಸರಿಸಿ ತಟ್ಟೆ ಇಟ್ಟಳು. ಕೇಳಿದಳು:

"ನಾರ್ಮನ್, ಅವನು ಬರ್ತಾನೇನೋ?"

"ದರ ಇಳೀಲಿ, ನೋಡೋಣ," ಅಂದ ನಾರ್ಮನ್.

ಪಾಲೀನ್ ಬಟಾಣಿ ಬಡಿಸಿದಳು.

ಸೋಮವಾರ ಬೆಳಗ್ಗೆ ದರ ಇಳಿಯಿತು. ಇಳಿಯಿತು ಎಂದರೆ ಏಣಿ ತಪ್ಪಿದ ಹಾಗೆ ಧೊಪ್ಪೆಂದು ಬಿತ್ತು. ಸಿ ಅಂತಸ್ತು, ಬಾಲ್ಕನಿ, ಮೇಲೆ ಕೆಳಗೆ ಬರೀ ಕ್ಯಾಬಿನ್‌ಗಳು, ಅಂದರೆ ಮಲಗಿರುವ ಮನುಷ್ಯರು. ಉಳಿದಿದ್ದ ನಂಬರುಗಳ ಪಟ್ಟಿ ತೆರೆದುಕೊಂಡಿತು: ಇನ್ನೂರ ಎಂಬತ್ತೊಂದು, ಮುನ್ನೂರ ಹನ್ನೆರಡು, ಮುನ್ನೂರ ಹದಿಮೂರು, ಮುನ್ನೂರ ನಲವತ್ತು. ಹನ್ನೆರಡು, ಹದಿಮೂರು ಕೈಕೈ ಹಿಡಿದು ನಿಂತ ಹಾಗಿದ್ದವು. 'ಇನ್ನೂ ಆರು ಜನ ಇದನ್ನು ನೋಡುತ್ತಿದ್ದಾರೆ' ಎಂಬ ಕೆಂಪು ಸಾಲು ಬೇರೆ ಮಿಣಮಿಣ ಎನ್ನುತ್ತಿತ್ತು. ಆ ಆರು ಜನರ ಮೇಲೆ ನಾರ್ಮನ್‌ಗೆ ಎಲ್ಲಿಲ್ಲದ ದ್ವೇಷ ಹುಟ್ಟಿ, ನಕ್ಷೆಯ ಕಡೆ ತಿರುಗಿಯೂ ನೋಡದೆ ಎರಡನ್ನೂ ಮಾರಿಸನ ಹೆಸರಿನಲ್ಲಿ ಹಿಡಿದುಬಿಟ್ಟ. ಹನ್ನೆರಡು ತನಗೂ ಪಾಲೀನ್‌ಗೂ, ಹದಿಮೂರು ಮಾರಿಸ್ ಗ್ಲೆಂಡಾರಿಗೂ. ಮುಂಗಡ ಕಟ್ಟಿ, ಕಾಗದ ಮುದ್ರಿಸಿ, ಬಾಣಲೆಯಲ್ಲಿ ಬಿಟ್ಟ ಮೊಟ್ಟೆ ಸೀಯುತ್ತಿದ್ದರೂ ಲೆಕ್ಕಿಸದೆ ದಿಗ್ವಿಜಯ ಮುಗಿಸಿದ ದೊರೆಯಂತೆ ಆಸ್ಪತ್ರೆಗೆ ನಡೆದ.

ಮಾರಿಸ್ ಕಾಗದವನ್ನು ತುಂಬ ಹೊತ್ತು ನೋಡಿದ. ದರ ನೋಡಿ ಹುಬ್ಬೇರಿಸಿದ, ಅದು ಮೆಚ್ಚುಗೆ. ಆಮೇಲೆ ನಂಬರು ನೋಡಿದ. ಕಾಗದವನ್ನು ಎದೆಯ ಮೇಲಿಟ್ಟುಕೊಂಡ.

"ನಾರ್ಮನ್, ಪೋರ್ಟ್ಸ್‌ಮತ್ ರಸ್ತೇಲಿ ನೀನು ಎಷ್ಟು ವರ್ಷ ಕಾಗದ ಹಂಚಿದೆ?"

"ಇಪ್ಪತ್ತೆರಡು. ಯಾಕೆ?"

"ಹನ್ನೆರಡನೇ ನಂಬರು ಯಾವುದು ಅಲ್ಲಿ?"

"ಕ್ಷೌರದಂಗಡಿ."

"ಹದಿಮೂರು?"

"ಕಂದು ನಾಯಿ ಇತ್ತಲ್ಲ, ನನ್ನ ಪ್ಯಾಂಟು ಹಿಡಿದಿತ್ತಲ್ಲ, ಆ ಮನೆ."

"ಕ್ಷೌರದಂಗಡಿಗೆ ಕಾಗದ ಹಾಕಿ, ನಾಯಿ ಮನೆಗೆ ಹೇಗೆ ಹೋಗ್ತಿದ್ದೆ?"

"ಹೇಗೆ ಅಂದ್ರೆ? ರಸ್ತೆ ದಾಟಿ..."

ನಾರ್ಮನ್ ಅಲ್ಲಿಗೇ ನಿಂತ. ಬಾಯಿ ತೆರೆದೇ ಇತ್ತು. ಒಂದು ಬದಿಗೆ ಎರಡು, ನಾಲ್ಕು, ಆರು; ಎದುರು ಬದಿಗೆ ಒಂದು, ಮೂರು, ಐದು. ಮೂವತ್ತೆಂಟು ವರ್ಷ, ಮಳೆ ಮಂಜು ಎನ್ನದೆ, ಕಾಲಿಗೆ ಕಲಿಸಿದ ಪಾಠ ಇದೊಂದೇ. ಹಡಗು ಕಟ್ಟುವವರೂ ಬೀದಿಯ ಕ್ರಮವನ್ನೇ ಇಟ್ಟುಕೊಂಡಿದ್ದಾರೆ. ಸಮಸಂಖ್ಯೆ ಹಡಗಿನ ಎಡಮಗ್ಗುಲಿಗೆ, ಬೆಸಸಂಖ್ಯೆ ಬಲಮಗ್ಗುಲಿಗೆ. ನಡುವೆ ಎರಡು ಓಣಿ, ಕಿಟಕಿಯಿಲ್ಲದ ಎರಡು ಸಾಲು ಕ್ಯಾಬಿನ್ನು, ಒಂದು ಮೆಟ್ಟಿಲ ಚೌಕ.

"ಮೂರನೇದು ಈಗ ನೆನಪಾಯ್ತು ನೋಡು," ಅಂದ ಮಾರಿಸ್. "ಪಕ್ಕದ ನಂಬರು ಅಂದ್ರೆ ಪಕ್ಕದ ಮನೆ ಅಲ್ಲ. ಆದ್ರೆ ಇದನ್ನ ಒಬ್ಬ ಅಂಚೆಯವನಿಗೆ ಹೇಳ್ಬೇಕಾಗುತ್ತೆ ಅಂತ ನಾನು..." ಮುಂದೆ ಆಡಲಾಗಲಿಲ್ಲ. ನಗು ಬಂತು. ಮೊದಲು ಭುಜ ಅಲ್ಲಾಡಿತು, ಆಮೇಲೆ ಮಂಚ. "ನೀವು ಇಂಗ್ಲೆಂಡಿಗೆ ಕೈ ಬೀಸ್ತಿರಿ, ನಾವು ಫ್ರಾನ್ಸಿಗೆ ಬೀಸ್ತೀವಿ."

ನರ್ಸು ಓಡಿ ಬಂದಳು. "ಏನಾಯ್ತು? ನೋವಾ?"

"ಇಲ್ಲಮ್ಮ," ಅಂದ ಮಾರಿಸ್ ಕಣ್ಣೊರೆಸಿಕೊಳ್ಳುತ್ತ. "ಅಂಚೆಯವನು ವಿಳಾಸ ತಪ್ಪಿದ."

ಗ್ಲೆಂಡಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಭುಜವೂ ಅಲ್ಲಾಡುತ್ತಿತ್ತು. ಅದು ನಗುವೋ ಅಳುವೋ ನಾರ್ಮನ್‌ಗೆ ಗೊತ್ತಾಗಲಿಲ್ಲ. ಆ ದಿನ ಅವನಿಗೆ ಯಾವುದೂ ಗೊತ್ತಾಗುತ್ತಿರಲಿಲ್ಲ.

ಮಂಗಳವಾರ ಇಡೀ ದಿನ ಫೋನಿನಲ್ಲಿ ಕಳೆಯಿತು. ಮುನ್ನೂರ ಹತ್ತು ಮಾರಾಟವಾಗಿತ್ತು. ಮುನ್ನೂರ ಹದಿನಾಲ್ಕೂ ಆಗಿತ್ತು. ಆ ಬದಿಯಲ್ಲಿ ಹನ್ನೊಂದು, ಹದಿನೈದು ಎರಡೂ ಆಗಿದ್ದವು. ಬೇರೆ ಅಂತಸ್ತಿನಲ್ಲಿ ಪಕ್ಕಪಕ್ಕ ಇದ್ದವು, ಆದರೆ ಈಗಿನ ದರಕ್ಕೆ. ಈಗಿನ ದರ ಮತ್ತೆ ಮಹಡಿ ಹತ್ತಿ ಕೂತಿತ್ತು. ಶುಕ್ರವಾರ ಸಂಜೆಯೊಳಗೆ ಹೇಳಿದರೆ ಬದಲಾಯಿಸಬಹುದು, ರದ್ದೂ ಮಾಡಬಹುದು. ಆಮೇಲೆ ಮುಂಗಡ ಹೋದಂತೆಯೇ ಎಂದಳು ಕರ್ಸ್ಟಿ.

"ಹದಿನಾಲ್ಕರಲ್ಲಿ ಇರೋರ ಹೆಸರು ಹೇಳು ತಾಯಿ, ನಾನೇ ಮಾತಾಡ್ತೀನಿ."

"ಅದು ಹೇಳೋ ಹಾಗಿಲ್ಲ, ಸರ್."

"ಬರೀ ವಿಳಾಸ ಕೊಡು. ನಾನು ಅಂಚೆ ಇಲಾಖೇಲಿ ಇದ್ದವನು."

"ವಿಳಾಸದ ವಿಷಯ ಇನ್ನು ಮುಂದೆ ನೀನು ಮಾತಾಡ್ಬೇಡ," ಎಂದು ಪಾಲೀನ್ ಹಿಂದಿನಿಂದ ಹೇಳಿದಳು. ಅದು ಕರ್ಸ್ಟಿಗೂ ಕೇಳಿಸಿತು.

ಬುಧವಾರ ಬೆಳಗ್ಗೆ ನಾರ್ಮನ್ ಆಸ್ಪತ್ರೆಗೆ ಹೋಗಿ ಇದ್ದದ್ದನ್ನು ಒಪ್ಪಿಸಿದ. ಮಾರಿಸನ ದನಿ ಅಷ್ಟು ಹೊತ್ತಿಗೆ ತೀರ ಸಣ್ಣದಾಗಿತ್ತು. ಕೇಳಬೇಕಾದರೆ ಬಗ್ಗಬೇಕಿತ್ತು.

"ಹಡಗಿನ ಎಡಕ್ಕೋ, ಬಲಕ್ಕೋ, ಸೆಪ್ಟೆಂಬರ್ ಹೊತ್ತಿಗೆ ಸರಿಮಾಡ್ತೀನಿ ಮಾರಿಸ್," ಅಂದ ನಾರ್ಮನ್. "ಪಕ್ಕದಲ್ಲೇ ಸಿಗೋ ಹಾಗೆ ಮಾಡ್ತೀನಿ."

"ಆ ಕಾಗದ ಇಲ್ಲೇ ಇಟ್ಟು ಹೋಗು," ಅಂದ ಮಾರಿಸ್.

ಮರುದಿನ ಬೆಳಗ್ಗೆ ಫೋನು ಬಂತು. ಅದನ್ನು ಆಗಲೇ ಹೇಳಿದೆ.

ಶುಕ್ರವಾರ ಗ್ಲೆಂಡಾ ನಾರ್ಮನ್ ಮನೆಗೆ ಬಂದಳು. ಮಗಳು ಲೀಡ್ಸ್‌ನಿಂದ ಬಂದಿದ್ದಳು. ಶವಸಂಸ್ಕಾರದ ಮಾತಾಡಲು ಹೋಗಿದ್ದಳು. ಗ್ಲೆಂಡಾಳ ಕೈಯಲ್ಲಿ ಇನ್ನೂ ಆಸ್ಪತ್ರೆಯ ಚೀಲವೇ ಇತ್ತು. ಪಾಲೀನ್ ಟೀ ಕೊಟ್ಟಳು. ಮೂವರೂ ಅಡುಗೆಮನೆಯಲ್ಲಿ ಕೂತರು. ನಾಲ್ಕನೇ ಕುರ್ಚಿಯ ಮೇಲೆ ನಾರ್ಮನ್‌ನ ಹದಿಮೂರು ಹಾಳೆಗಳಿದ್ದವು.

"ನಾನು ಬರಲ್ಲ," ಅಂದಳು ಗ್ಲೆಂಡಾ. "ನೀವಿಬ್ಬರು ಹೋಗಿಬನ್ನಿ. ನನ್ನ ಕ್ಯಾಬಿನ್ ರದ್ದು ಮಾಡ್ಬಿಡು, ನಾರ್ಮನ್."

"ಈಗಲೇ ಯಾಕೆ ಆ ಮಾತು," ಅಂದಳು ಪಾಲೀನ್.

"ಸಂಜೆವರೆಗೆ ತಾನೇ ಸಮಯ ಇರೋದು? ಒಬ್ಬಳೇ ಹೋದ್ರೂ ಇಬ್ಬರ ದುಡ್ಡು ತಗೋತಾರೆ. ಅವರ ಲೆಕ್ಕದಲ್ಲಿ ಮಾರಿಸ್ ಇನ್ನೂ ಪಕ್ಕದ ಮಂಚದಲ್ಲಿ ಮಲಗಿರ್ತಾನೆ, ಮೂರು ಹೊತ್ತು ಊಟಾನೂ ಮಾಡ್ತಿರ್ತಾನೆ. ಅವನು ಇದ್ದಿದ್ರೆ ಇಂಥ ದರ ಕಟ್ಟೋಕೆ ಬಿಡ್ತಿದ್ನಾ?" ಟೀ ಲೋಟವನ್ನು ಸುಮ್ಮನೆ ತಿರುಗಿಸಿದಳು. "ದುಡ್ಡು ಹೋಗ್ಲಿ. ಬೆಳಗ್ಗೆದ್ದು ಆ ಕಡೆ ಮಗ್ಗುಲಲ್ಲಿ ಒಬ್ಬಳೇ ಕೂತ್ಕೊಂಡು ಏನು ಮಾಡ್ಲಿ?"

ಅವಳು ಅದನ್ನು ದೂರಿ ಹೇಳಲಿಲ್ಲ. ಆದರೂ 'ಆ ಕಡೆ ಮಗ್ಗುಲು' ಎಂಬುದು ನಾರ್ಮನ್‌ಗೆ ನೆಟ್ಟಗೆ ತಾಗಿತು. ಗಂಡನನ್ನು ಕಳೆದುಕೊಂಡವಳ ಒಂಟಿತನಕ್ಕೆ ತಾನು ಒಂದು ಹಡಗಿನ ಅಗಲವನ್ನು ಸೇರಿಸಿದ್ದೆ ಎನ್ನಿಸಿತು. ಎದುರು ಮನೆಯಾದರೆ ಕಿಟಕಿಯಿಂದ ಕೈಯಾದರೂ ಬೀಸಬಹುದಿತ್ತು. ಎರಡನ್ನೂ ರದ್ದುಮಾಡುವುದೇ ಸರಿ ಎಂದು ತೀರ್ಮಾನಿಸಿ, ಯಾರಿಗೂ ಹೇಳದೆ ಕಂಪ್ಯೂಟರ್ ತೆರೆದ.

ಹಡಗಿನ ಕಂಪನಿಯಿಂದ ಒಂದು ಇಮೇಲ್ ಬಂದು ಎರಡು ದಿನವಾಗಿತ್ತು. ಇವನು ನಕ್ಷೆ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. 'ನಿಮ್ಮ ಕೋರಿಕೆಯಂತೆ ಬದಲಾವಣೆ ಮಾಡಲಾಗಿದೆ' ಎಂದಿತ್ತು. ಮುನ್ನೂರ ಹದಿಮೂರು ಮಾಯವಾಗಿತ್ತು. ಮುನ್ನೂರ ಹನ್ನೆರಡರ ಎದುರಿಗೆ ಮೂರು ಹೆಸರು: ಗ್ಲೆಂಡಾ ಗ್ಯಾನವೇ. ಪಾಲೀನ್ ಪೊಥೆಕರಿ. ಅದರ ಕೆಳಗೆ, ಸ್ವಲ್ಪ ಸಣ್ಣಕ್ಷರದಲ್ಲಿ, ನಾರ್ಮನ್ ಪೊಥೆಕರಿ.

"ನಾನೇನೂ ಒತ್ತಿಲ್ಲ," ಅಂದ ನಾರ್ಮನ್.

"ನೀನು ಏನೋ ಒತ್ತಿದೀಯ," ಅಂದಳು ಪಾಲೀನ್.

"ದೇವರಾಣೆ ಒತ್ತಿಲ್ಲ ಪಾಲೀನ್."

"ಸೋಮವಾರಾನೂ ನೀನು ಸರಿಯಾಗೇ ಒತ್ತಿದೀನಿ ಅಂದ್ಕೊಂಡಿದ್ದೆ."

ಫೋನು ಮಾಡಿದರು. ಮೂವರಿಗೂ ಕೇಳಲೆಂದು ಫೋನನ್ನು ಮೇಜಿನ ನಡುವೆ, ಸಕ್ಕರೆ ಬಟ್ಟಲಿಗೆ ಒರಗಿಸಿಟ್ಟರು. ಕರ್ಸ್ಟಿಯೇ ಎತ್ತಿಕೊಂಡಳು.

"ಹೌದು ಪೊಥೆಕರಿ ಅವರೇ, ಅದು ಬುಧವಾರ ಮಧ್ಯಾಹ್ನ ಬದಲಾಗಿದೆ. ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಗ್ಯಾನವೇ ಅವರೇ ಫೋನು ಮಾಡಿದ್ರು, ನಾನೇ ಮಾತಾಡಿದ್ದು. ಬುಕಿಂಗು ಅವರ ಹೆಸರಲ್ಲೇ ಇದೆಯಲ್ಲ. ಈಗ ಹೇಗಿದಾರೆ ಅವರು? ದನಿ ತುಂಬಾ ಸಣ್ಣಗಿತ್ತು."

"ನಿನ್ನೆ ಹೋಗ್ಬಿಟ್ಟ ಕಣಮ್ಮ," ಅಂದಳು ಗ್ಲೆಂಡಾ. "ನಾನು ಅವನ ಹೆಂಡತಿ."

ಕರ್ಸ್ಟಿ ಕಂಪನಿ ಬರೆದುಕೊಟ್ಟ ಮಾತುಗಳಲ್ಲದ, ತನ್ನವೇ ಆದ ನಾಲ್ಕು ಮಾತು ಹೇಳಿದಳು.

"ಬುಧವಾರ ನಾಲ್ಕು ಗಂಟೆಗಾ?" ಗ್ಲೆಂಡಾ ಪಾಲೀನ್ ಕಡೆ ತಿರುಗಿದಳು. "ಆಗ ನನ್ನ ಕೆಳಗೆ ಕಳಿಸಿದ್ದ. ಪೇಪರ್ ತಗೊಂಡು ಬಾ ಅಂತ. ಮೂರು ವಾರದಿಂದ ಪೇಪರ್ ಮುಟ್ಟಿರಲಿಲ್ಲ. ನಾನು ಬರೋಷ್ಟರಲ್ಲಿ ನಿದ್ದೆ ಹೋಗಿದ್ದ, ಫೋನು ಎದೆ ಮೇಲಿತ್ತು. ಆಮೇಲೆ ಏಳಲೇ ಇಲ್ಲ."

"ಏನಂದ ಅವನು?" ಎಂದು ಕೇಳಿದ ನಾರ್ಮನ್.

"ಮುನ್ನೂರ ಹನ್ನೆರಡರಲ್ಲಿ ಮೂರನೇ ಮಂಚ ಇದೆಯಾ ಅಂತ ಕೇಳಿದ್ರು, ಸರ್. ಇದೆ ಅಂದೆ. ಚಾವಣಿಯಿಂದ ಇಳಿಸೋದು, ರೈಲಿನಲ್ಲಿ ಇರುತ್ತಲ್ಲ, ಹಾಗೆ. ಮೂರನೆಯವರಿಗೆ ದರ ಎಷ್ಟು ಅಂದ್ರು. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಅಂದೆ. ಹಳೇ ಗಿರಾಕಿ ಸೋಡಿ ಅದಕ್ಕೂ ಸೇರುತ್ತೆ ಅಂದ್ರು. ಸೇರಲ್ಲ ಅಂದೆ." ಕರ್ಸ್ಟಿ ದನಿ ತಗ್ಗಿಸಿದಳು. "ಕೊನೆಗೆ ಸೇರಿಸಿದೆ."

"ಮೇಲಿನ ಮಂಚ ಯಾರಿಗೆ?" ಅಂದಳು ಪಾಲೀನ್. ಅವಳಿಗೆ ಉತ್ತರ ಗೊತ್ತಿತ್ತು. ಬೇರೆಯವರ ಬಾಯಿಂದ ಕೇಳುವ ಆಸೆ.

"ಸಾಮಾನ್ಯವಾಗಿ ಅದು ಮಕ್ಕಳಿಗೆ ಕೊಡೋದು. ಅದಕ್ಕೇ ಮೂರನೆಯವರ ವಯಸ್ಸು ಕೇಳಿದೆ. ಎಪ್ಪತ್ತಾರು, ಆದ್ರೆ ಬುದ್ಧಿ ನೋಡಿದ್ರೆ ಗೊತ್ತಾಗಲ್ಲ ಅಂದ್ರು."

"ನನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ?" ಅಂದ ನಾರ್ಮನ್.

"ಅವರನ್ನ ಕೇಳಿದೀರಾ ಅಂತ ಕೇಳಿದೆ, ಸರ್. ಅವನಿಗೆ ಹೇಳಿದ್ರೆ ಇನ್ನೊಂದು ವಾರ ನಕ್ಷೆ ನೋಡ್ತಾನೆ, ಅಷ್ಟು ಸಮಯ ಇಲ್ಲ ನಂಗೆ ಅಂದ್ರು."

ನಾರ್ಮನ್ ಚಾವಣಿ ನೋಡಿದ. ಹದಿನಾಲ್ಕು ರಾತ್ರಿ. ಎರಡು ಹೆಂಗಸರು ಕೆಳಗೆ ಹಾಸಿಗೆಯಲ್ಲಿ ಕಾಲು ಚಾಚಿಕೊಂಡು ಪದಬಂಧ ಬಿಡಿಸುತ್ತಾರೆ. ತಾನು ಕಪಾಟಿನ ಮೇಲಿಟ್ಟ ಹಳೆ ಪೆಟ್ಟಿಗೆಯ ಹಾಗೆ ಮೇಲೆ. ಅದಕ್ಕೆ ದುಡ್ಡು ಬೇರೆ ಕೊಡಬೇಕು. ಸೋಡಿ ಕಳೆದು.

"ಒಂದು ಲಾಭ ಇದೆ," ಅಂದಳು ಪಾಲೀನ್. "ಇವನ ಗೊರಕೆ ನಮಗಿಂತ ಮೇಲಿನ ಅಂತಸ್ತಿನವರಿಗೆ ಹೆಚ್ಚು ಕೇಳುತ್ತೆ."

ಗ್ಲೆಂಡಾ ಆಸ್ಪತ್ರೆಯ ಚೀಲವನ್ನು ಮಡಿಲಿಂದ ಎತ್ತಿ ನೆಲದ ಮೇಲಿಟ್ಟಳು. ಮೂಗೊರೆಸಿಕೊಂಡಳು. ಸಕ್ಕರೆ ಬಟ್ಟಲಿಗೆ ಒರಗಿದ್ದ ಫೋನಿನ ಕಡೆ ಬಗ್ಗಿದಳು.

"ಬಾಲ್ಕನಿ ಕಡೆ ಮಂಚ ನಂಗೆ," ಅಂದಳು.

"ಇವತ್ತು ಸಂಜೆಗೇ ಗಡುವು. ಹಾಗಾದ್ರೆ ರದ್ದು ಬೇಡ ತಾನೇ, ಸರ್?" ಎಂದಳು ಕರ್ಸ್ಟಿ.

"ಬೇಡ," ಅಂದ ನಾರ್ಮನ್. ಮತ್ತೇನು ಹೇಳಬೇಕೆಂದು ತಿಳಿಯದೆ ಕೇಳಿದ: "ಇನ್ನೇನಾದ್ರೂ ಹೇಳಿದ್ನಾ ಅವನು?"

"ಇನ್ನೊಂದು ಕೇಳಿದ್ರು. ಆ ಮಂಚಕ್ಕೆ ಹತ್ತೋ ಏಣಿ ಎಡಗಡೆ ಇದೆಯೋ ಬಲಗಡೆಯೋ ಅಂತ. ನಿಮಗೆ ಬಲ ಮಂಡಿ ಮಡಚಲ್ಲವಂತೆ. ನಂಗೆ ಗೊತ್ತಿರಲಿಲ್ಲ, ಸರ್, ಯಾರೂ ಅದನ್ನ ಕೇಳೋದಿಲ್ಲ. ಲೈನಲ್ಲೇ ಇರಿ, ಹಡಗಲ್ಲಿ ಕೆಲಸ ಮಾಡಿದವರು ಒಬ್ಬರಿದಾರೆ, ಕೇಳ್ಕೊಂಡು ಬರ್ತೀನಿ ಅಂದೆ. ಎಂಟು ನಿಮಿಷ ಆಯ್ತು. ನಾನು ಬರೋಷ್ಟರಲ್ಲಿ ಇಟ್ಟುಬಿಟ್ಟಿರ್ತಾರೆ ಅಂದ್ಕೊಂಡಿದ್ದೆ. ಇದ್ರು. ಉಸಿರು ಕೇಳಿಸ್ತಿತ್ತು. ಎಡಗಡೆ, ಸರ್, ಅಂದೆ. ಸರಿ ಹಾಗಾದ್ರೆ, ಅವನನ್ನ ಮೇಲೆ ಹಾಕಿ ಅಂದ್ರು. ಥ್ಯಾಂಕ್ಸ್ ಹೇಳಿ ಫೋನು ಇಟ್ಟರು."